ನಡೆಯುವವರಿಗೂ ರಸ್ತೆ ಉಂಟು

(ನವಸಾಕ್ಷರ ಸಹೋದರಿಯರ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಇವತ್ತು ನಾನು ರಸ್ತೆಯ ವಿಷಯ ಮಾತಾಡುತ್ತೇನೆ. ರಸ್ತೆಯಲ್ಲಿ ಎಂತ ಮಾತಾಡಲಿಕ್ಕುಂಟು ಎಂದು ನೀವು ಕೇಳಬಹುದು. ಉಂಟು. ಬೇಕಾದಷ್ಟು ಉಂಟು. ಈ ಕೇಂದ್ರಕ್ಕೆ ಬರುವಾಗ ನಿಮ್ಮಲ್ಲಿ ಎಷ್ಟು ಜನ ರಸ್ತೆ ದಾಟಿ ಬಂದಿರಿ? ಕೈ ಎತ್ತಿ ನೋಡುವ. ನೋಡಿ, ಹೆಚ್ಚುಕಡಿಮೆ ಎಲ್ಲರೂ. ಗಾಡಿಯಲ್ಲಿ ಬಂದವರು ಎಷ್ಟು? ಇಬ್ಬರು.

ಅಲ್ಲಿಗೆ ವಿಷಯ ಅರ್ಥವಾಯಿತಲ್ಲ? ನಮ್ಮ ಮನೆಗಳಲ್ಲಿ ಗಾಡಿ ಇದ್ದರೆ ಅದು ಗಂಡನ ಕೈಯಲ್ಲಿ, ಇಲ್ಲವೇ ಮಗನ ಕೈಯಲ್ಲಿ. ನಾವು ನಡೆಯುವವರು. ಬೀಡಿ ಕೊಡಲಿಕ್ಕೆ ಬ್ರಾಂಚಿಗೆ ನಡೆಯುತ್ತೇವೆ. ಗೇರುಬೀಜದ ಫ್ಯಾಕ್ಟರಿಗೆ ನಡೆಯುತ್ತೇವೆ. ಮೀನಿನ ಬುಟ್ಟಿ ಹೊತ್ತು ನಡೆಯುತ್ತೇವೆ. ಅಂಗನವಾಡಿಗೆ ಮಗುವಿನ ಕೈ ಹಿಡಿದು ನಡೆಯುತ್ತೇವೆ. ರೇಷನ್ ಅಂಗಡಿಯಿಂದ ಅಕ್ಕಿ ಹೊತ್ತು ಬರುತ್ತೇವೆ. ಹೀಗೆ ದಿನಕ್ಕೆ ನಾಲ್ಕು ಸಲ ರಸ್ತೆಗೆ ಇಳಿಯುತ್ತೇವೆ. ಆದರೆ ರಸ್ತೆ ಯಾರದ್ದು ಎಂದು ಕೇಳಿದರೆ, ಗಾಡಿಯವರದ್ದು ಎಂದು ನಾವೇ ಹೇಳುತ್ತೇವೆ. ಹಾರ್ನ್ ಹಾಕಿದ ಕೂಡಲೇ ನಾವು ಚರಂಡಿಗೆ ಇಳಿಯುತ್ತೇವೆ. ತಪ್ಪು ನಮ್ಮದೇ ಎಂಬ ಹಾಗೆ.

ಮೊನ್ನೆ ಒಬ್ಬರು ಅಕ್ಕ ಹೇಳಿದರು, "ಹೊಳೆ ದಾಟುವುದು ಸುಲಭ ಮಾರಾಯ್ರೆ, ಹೆದ್ದಾರಿ ದಾಟುವುದು ಕಷ್ಟ." ನಾನು ನಗಲಿಲ್ಲ. ಅವರು ಹೇಳಿದ್ದು ಸರಿ. ಹೊಳೆಗೆ ಮಳೆಗಾಲದಲ್ಲಿ ಮಾತ್ರ ನೆರೆ. ಹೆದ್ದಾರಿಗೆ ವರ್ಷಪೂರ್ತಿ ನೆರೆ.

ನಮ್ಮ ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟ್ 25ಕ್ಕೆ. ಆಗ ಕಡಲ ಬದಿಯ ಹೆದ್ದಾರಿಗೆ 17 ಎಂದು ನಂಬರು. ಎದುರಿನಿಂದ ಒಂದು ಲಾರಿ, ಈ ಕಡೆಯಿಂದ ಒಂದು ಬಸ್ಸು, ಅಷ್ಟೇ ಅಗಲ. ಈಗ ಅದೇ ಹೆದ್ದಾರಿಗೆ 66 ಎಂದು ನಂಬರು. ನಾಲ್ಕು ಸಾಲಿನ ರಸ್ತೆ. ನಡುವೆ ಡಿವೈಡರ್. ಗಾಡಿಯವರಿಗೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆಗೆ ಬೇಗ ಹೋಗಬಹುದು, ಮಂಗಳೂರಿಗೆ ಬೇಗ ಮುಟ್ಟಬಹುದು. ಆದರೆ ನಮ್ಮ ಊರುಗಳನ್ನು ಸ್ವಲ್ಪ ನೋಡಿ. ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆ, ಗುಡ್ಡೆ. ನಡುವೆ ಹೆದ್ದಾರಿ. ಪಡು ಬದಿಯಲ್ಲಿ ಮನೆ ಇದ್ದರೆ ಮೂಡು ಬದಿಯಲ್ಲಿ ಶಾಲೆ. ಮೂಡು ಬದಿಯಲ್ಲಿ ಮನೆ ಇದ್ದರೆ ಪಡು ಬದಿಯಲ್ಲಿ ಮೀನು. ಒಂದೇ ಊರನ್ನು ರಸ್ತೆ ಎರಡು ಹೋಳು ಮಾಡಿದೆ. ಕಾಪುವಿನಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಸಲ ಮಾರಿಪೂಜೆ ಆಗುತ್ತದೆ. ಆಗ ಬರುವ ಸಾವಿರಾರು ಹೆಂಗಸರು ಹೇಗೆ ದಾಟಬೇಕು? ಮಾರಿಯಮ್ಮನ ಮೇಲೆ ಭಾರ ಹಾಕಿ ದಾಟುತ್ತಾರೆ!

ಮಣಿಪಾಲದ ಕಥೆ ಬೇರೆ. ಅಲ್ಲಿ ದೊಡ್ಡ ಆಸ್ಪತ್ರೆ ಉಂಟು, ಕಾಲೇಜುಗಳು ಉಂಟು. ದೇಶದ ಮೂಲೆಮೂಲೆಯಿಂದ ಮಕ್ಕಳು ಕಲಿಯಲಿಕ್ಕೆ ಬರುತ್ತಾರೆ. ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಬಸ್ಸಿಳಿದು ನಡೆಯುವವರು. ಕಾಯಿಲೆಯವರು, ಬಸುರಿಯರು, ಪ್ರಾಯ ಆದವರು. ಟೈಗರ್ ಸರ್ಕಲ್‌ನಲ್ಲಿ ಸಂಜೆ ಹೊತ್ತು ನಿಂತು ನೋಡಿ. ಬೈಕು, ಸ್ಕೂಟರು ಜೇನುನೊಣದ ಹಾಗೆ. ಉಡುಪಿಯ ಕಲ್ಸಂಕದಲ್ಲೂ ಹಾಗೆಯೇ.

ಕಾರ್ಕಳದಲ್ಲಿ ಇನ್ನೊಂದು ಬಗೆಯ ಕಷ್ಟ. ಅಲ್ಲಿ ಪೇಟೆಯ ರಸ್ತೆ ಸಪೂರ. ಜತೆಗೆ ಏರು, ಇಳಿತ. ಇಳಿತದಲ್ಲಿ ಸೈಕಲ್ಲಿನವನು ಪೆಡಲ್ ಬಿಟ್ಟು ಬರುತ್ತಾನೆ. ಬ್ರೇಕು ಉಂಟೋ ಇಲ್ಲವೋ ಅವನಿಗೇ ಗೊತ್ತು. ಅಂಗಡಿಯ ಎದುರು ಗಾಡಿ ನಿಲ್ಲಿಸಿದರೆ ನಡೆಯುವವರು ನಡುರಸ್ತೆಗೆ ಬರಲೇಬೇಕು. ಬೇರೆ ದಾರಿ ಇಲ್ಲ. ಜನವರಿಯಲ್ಲಿ ಅತ್ತೂರು ಜಾತ್ರೆಗೆ ಜನ ಗುಂಪುಗುಂಪಾಗಿ ಹೋಗುವುದನ್ನು ನೀವು ನೋಡಿದ್ದೀರಿ. ಉಡುಪಿಯಲ್ಲಿ ಪರ್ಯಾಯದ ರಾತ್ರಿ ಜೋಡುಕಟ್ಟೆಯಿಂದ ರಥಬೀದಿಯವರೆಗೆ ಜನವೋ ಜನ. ಆಗ ಗಾಡಿಗಳು ಕಾಯುತ್ತವೆ. ಆಗ ಯಾರೂ ಹಾರ್ನ್ ಹಾಕಿ ಬೈಯುವುದಿಲ್ಲ. ಅಂದರೆ ಕಾಯಲಿಕ್ಕೆ ಇವರಿಗೆ ಬರುತ್ತದೆ. ಬರುವುದಿಲ್ಲ ಎಂದೇನಿಲ್ಲ. ಉಳಿದ ದಿನ ಮನಸ್ಸಿಲ್ಲ, ಅಷ್ಟೆ.

ಈಗ ಒಂದು ಲೆಕ್ಕ ಮಾಡುವ. ನಿಮಗೆ ಈಗ ಕೂಡಿಸುವುದು, ಗುಣಿಸುವುದು ಬರುತ್ತದೆ. ಒಂದು ಸೀರೆ ಎಷ್ಟು ಉದ್ದ? ಸುಮಾರು ಐದೂವರೆ ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ಒಂದು ಸೆಕೆಂಡಿನಲ್ಲಿ ಸುಮಾರು 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಅಂದರೆ ಮೂರು ಸೀರೆ ಉದ್ದ. ನೀವು ಬಾಯಿಯಲ್ಲಿ "ಅಯ್ಯೋ ದೇವರೇ" ಎಂದು ಹೇಳಿ ಮುಗಿಸುವಷ್ಟರಲ್ಲಿ ಮೂರು ಸೀರೆ! ಡ್ರೈವರ್ ನಿಮ್ಮನ್ನು ನೋಡಬೇಕು, ಕಾಲು ಬ್ರೇಕಿನ ಮೇಲೆ ಹೋಗಬೇಕು, ಗಾಡಿ ನಿಲ್ಲಬೇಕು. ಇಷ್ಟಕ್ಕೆ ಒಣ ರಸ್ತೆಯಲ್ಲಿ ಸುಮಾರು 40 ಮೀಟರ್ ಬೇಕು. ಏಳು ಸೀರೆಯನ್ನು ಸಾಲಾಗಿ ಹಾಸಿದಷ್ಟು. ಮಳೆಗೆ ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಅದೇ ಗಾಡಿ 30ರ ವೇಗದಲ್ಲಿ ಬಂದರೆ ಎರಡೂವರೆ ಸೀರೆಯೊಳಗೆ ನಿಲ್ಲುತ್ತದೆ. ನೋಡಿ, ವೇಗ ಅರ್ಧ ಆದರೆ ನಿಲ್ಲುವ ದೂರ ಅರ್ಧಕ್ಕಿಂತಲೂ ಕಡಿಮೆ ಆಯಿತು. ಪೇಟೆಯಲ್ಲಿ, ಶಾಲೆಯ ಎದುರು ನಿಧಾನ ಹೋಗಿ ಎಂದು ಬೋರ್ಡು ಹಾಕುವುದು ಸುಮ್ಮನೆ ಅಲ್ಲ.

ಇನ್ನು ನಮ್ಮ ಕಡೆಯ ಲೆಕ್ಕ. ಡಿವೈಡರಿನವರೆಗೆ ಅರ್ಧ ರಸ್ತೆ ದಾಟಲಿಕ್ಕೆ ನಮಗೆ ಏಳೆಂಟು ಸೆಕೆಂಡ್ ಬೇಕು. ತಲೆಯಲ್ಲಿ ಹೊರೆ ಇದ್ದರೆ, ಮಗು ಇದ್ದರೆ, ಮಂಡಿ ನೋವಿದ್ದರೆ ಹತ್ತು ಸೆಕೆಂಡ್. ಹತ್ತು ಸೆಕೆಂಡಿನಲ್ಲಿ ಆ ಬಸ್ಸು 160 ಮೀಟರ್ ದಾಟಿ ಬರುತ್ತದೆ. ಅದಕ್ಕೇ "ಬಸ್ಸು ದೂರ ಉಂಟು, ದಾಟುವ" ಎಂದು ಹೊರಟವರ ಮೈಮೇಲೆ ಬಸ್ಸು ಬಂದು ನಿಲ್ಲುವುದು. ನಮ್ಮ ಕಣ್ಣಿಗೆ ದೂರ ಕಾಣುತ್ತದೆ. ವೇಗ ಕಾಣುವುದಿಲ್ಲ.

2022ನೇ ಇಸವಿಯಲ್ಲಿ ನಮ್ಮ ದೇಶದಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರಕಾರವೇ ಕೊಟ್ಟ ಲೆಕ್ಕ. ಅದರಲ್ಲಿ ನಡೆದುಕೊಂಡು ಹೋಗುತ್ತಿದ್ದವರು 32,825. ದಿನಕ್ಕೆ ಎಷ್ಟಾಯಿತು? 365ರಿಂದ ಭಾಗಿಸಿ. ಸುಮಾರು 90 ಜನ. ಇವರು ಗಾಡಿ ಹತ್ತಿದವರಲ್ಲ, ವೇಗ ಮಾಡಿದವರಲ್ಲ. ನಡೆದವರು.

ಕಾನೂನು ಏನು ಹೇಳುತ್ತದೆ? ರಸ್ತೆಯ ಮೇಲೆ ಬಿಳಿ ಪಟ್ಟೆ ಪಟ್ಟೆ ಬಳಿದದ್ದನ್ನು ನೀವು ನೋಡಿದ್ದೀರಿ. ಅದಕ್ಕೆ ಝೀಬ್ರಾ ಕ್ರಾಸಿಂಗ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 1951ರಲ್ಲಿ ಇದನ್ನು ಮೊದಲು ಜಾರಿಗೆ ತಂದರು. ಆ ಪಟ್ಟೆಯ ಹತ್ತಿರ ಪೊಲೀಸ್, ಸಿಗ್ನಲ್ ಇಲ್ಲದಿದ್ದರೂ ಗಾಡಿಯವನು ನಿಧಾನ ಮಾಡಿ, ನಿಲ್ಲಿಸಿ, ನಡೆಯುವವರಿಗೆ ದಾರಿ ಬಿಡಬೇಕು. ಇದು ದಯೆ ಅಲ್ಲ, ನಿಯಮ. 1989ರ ನಿಯಮದಲ್ಲೂ ಪಟ್ಟೆಯ ಮೇಲೆ ಮೊದಲ ಹಕ್ಕು ನಡೆಯುವವರಿಗೆ ಎಂದಿತ್ತು, 2017ರ ಹೊಸ ನಿಯಮದಲ್ಲೂ ಉಂಟು. ಕಾಲುದಾರಿಯ ಮೇಲೆ ಬೈಕು ಹತ್ತಿಸುವುದೂ ತಪ್ಪು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಡ್ಡಿ ಇಲ್ಲದ ಕಾಲುದಾರಿ ಜೀವಿಸುವ ಹಕ್ಕಿನ ಭಾಗ ಎಂದಿತು. ಸಂವಿಧಾನದ 21ನೇ ವಿಧಿಯ ಹಕ್ಕು ಅದು.

ನಿಯಮ ಉಂಟು, ಪಾಲಿಸುವವರು ಎಲ್ಲಿ? ಕೇಳುತ್ತೀರಿ, ನನಗೆ ಗೊತ್ತು. ಪಟ್ಟೆಯ ಮೇಲೆ ಕಾಲಿಟ್ಟರೆ ನಮ್ಮ ಕಡೆ ಗಾಡಿಯವರು ಇನ್ನೂ ವೇಗ ಮಾಡುತ್ತಾರೆ. "ಇವಳು ದಾಟುವ ಮೊದಲು ನಾನು ಹೋಗಿಬಿಡುವ" ಎಂದು. ಖಾಸಗಿ ಬಸ್ಸಿನವರಿಗೆ ಟೈಮಿನ ಗಡಿಬಿಡಿ. ಹಿಂದಿನ ಬಸ್ಸು ಮುಂದೆ ಹೋದರೆ ಜನ ಅದಕ್ಕೆ ಹತ್ತುತ್ತಾರೆ, ಕಲೆಕ್ಷನ್ ಹೋಗುತ್ತದೆ. ಡ್ರೈವರ್ ಒಬ್ಬನನ್ನೇ ಬೈದು ಪ್ರಯೋಜನ ಇಲ್ಲ. ಎರಡು ಬಸ್ಸಿಗೆ ನಿಮಿಷದ ಅಂತರದಲ್ಲಿ ಟೈಮು ಕೊಟ್ಟು ಓಡಿಸುವ ಕ್ರಮವೇ ಸರಿ ಇಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಬೈಕಿನ ಹುಡುಗರಿಗೆ ಯಾವ ಟೈಮು? ಯಾವ ಕಲೆಕ್ಷನ್? ಅವರಿಗೆ ಅರ್ಧ ಕಿಲೋಮೀಟರ್ ಸುತ್ತಿ ಬರಲಿಕ್ಕೆ ಉದಾಸೀನ. ಅದಕ್ಕೆ ಹೆದ್ದಾರಿಯಲ್ಲಿ ಎದುರು ದಿಕ್ಕಿನಲ್ಲೇ ಬರುತ್ತಾರೆ. ನಾವು ಬಲಕ್ಕೆ ನೋಡಿ ಕಾಲಿಡುತ್ತೇವೆ, ಅವನು ಎಡದಿಂದ ಬಂದು ಗುದ್ದುತ್ತಾನೆ.

ಸೈಕಲ್ಲಿನ ಬಗ್ಗೆ ಒಂದು ಮಾತು. ಸೈಕಲ್ ನಮ್ಮ ಶತ್ರು ಅಲ್ಲ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ನಮ್ಮ ಹಾಗೆಯೇ ಸಾಕ್ಷರತಾ ಆಂದೋಲನ ನಡೆಯಿತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್ ಎಂಬ ಮಹಿಳೆ. ಅಕ್ಷರದ ಜತೆಗೆ ಸೈಕಲ್ ಕಲಿಸಿದರು. ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಕಲ್ಲುಕೋರೆಯಲ್ಲಿ ದುಡಿಯುವವರು, ಕೂಲಿಯವರು ಎಲ್ಲ. ನೀರು ತರಲಿಕ್ಕೆ, ಕೆಲಸಕ್ಕೆ ಹೋಗಲಿಕ್ಕೆ ಗಂಡಸರನ್ನು ಕಾಯುವುದು ತಪ್ಪಿತು. ನೀವೂ ಕಲಿಯುವುದಾದರೆ ಕಲಿಯಿರಿ. ಆದರೆ ಸೈಕಲ್ಲಿನವರಿಗೂ ನಿಯಮ ಉಂಟು. ಎಡಬದಿಯಲ್ಲೇ ಹೋಗಬೇಕು. ರಾತ್ರಿ ದೀಪ ಬೇಕು. ಬೆಲ್ಲು, ಬ್ರೇಕು ಸರಿ ಇರಬೇಕು. ಮೂರು ಜನ ಕೂತು ಸಂತೆಯ ನಡುವೆ ನುಗ್ಗಿಸುವುದು ಸೈಕಲ್ ಸವಾರಿ ಅಲ್ಲ.

ಈಗ ಸ್ವಲ್ಪ ಖಾರದ ಮಾತು ಹೇಳುತ್ತೇನೆ. ಬೇಸರ ಮಾಡಬೇಡಿ. ನಮ್ಮನ್ನು ಚರಂಡಿಗೆ ಇಳಿಸುವ ಆ ಬೈಕಿನ ಹುಡುಗ ಎಲ್ಲಿಂದ ಬಂದ? ಆಕಾಶದಿಂದ ಉದುರಲಿಲ್ಲ. ನಮ್ಮ ಮನೆಯಿಂದಲೇ ಬಂದ. ಹತ್ತನೇ ಕ್ಲಾಸು ಪಾಸಾದರೆ ಬೈಕು ತೆಗೆಸಿಕೊಡುತ್ತೇನೆ ಎಂದವರು ನಾವೇ. ಬೀಡಿ ಕಟ್ಟಿದ ಹಣ, ಸಂಘದ ಸಾಲ, ಎಲ್ಲ ಸೇರಿಸಿ ತೆಗೆಸಿಕೊಟ್ಟೆವು. ಹದಿನೆಂಟು ತುಂಬದ ಮಗ ಗೇರ್ ಬೈಕು ಓಡಿಸಿ ಸಿಕ್ಕಿಬಿದ್ದರೆ ಏನಾಗುತ್ತದೆ ಗೊತ್ತುಂಟಾ? 2019ರ ತಿದ್ದುಪಡಿಯ ಪ್ರಕಾರ ತಂದೆ ತಾಯಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಕೋರ್ಟಿಗೆ ಹೋಗುವವರು ನೀವು. ಇದನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಗನ ಎದುರು ಓದಿ ಹೇಳಿ. ನೀವೇ ಓದಿ ಹೇಳಿ. ಅಮ್ಮ ಓದಿದರೆ ಮಗ ಕೇಳುತ್ತಾನೆ.

ನಡೆಯುವಾಗ ನಾವು ಮಾಡಬೇಕಾದದ್ದೂ ಉಂಟು. ಗಾಡಿ ಎಡಗಡೆ, ನಾವೂ ಎಡಗಡೆ ಎಂದು ತಿಳಿದಿದ್ದೇವೆ. ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಯ ಅಂಚಿನಲ್ಲಿ ನಡೆಯುವುದು ಒಳ್ಳೆಯದು. ಆಗ ಹತ್ತಿರದ ಗಾಡಿ ಎದುರಿನಿಂದ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಎಡಕ್ಕೆ ನಡೆದರೆ ಬೆನ್ನ ಹಿಂದಿನಿಂದ ಬರುತ್ತದೆ. ಬೆನ್ನಿಗೆ ಕಣ್ಣಿಲ್ಲವಲ್ಲ.

ಬಸ್ಸಿನಿಂದ ಇಳಿದ ಕೂಡಲೇ ಬಸ್ಸಿನ ಮುಂದಿನಿಂದ ದಾಟಬೇಡಿ. ನಮ್ಮವರಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ನಿಂತ ಬಸ್ಸನ್ನು ಓವರ್‌ಟೇಕ್ ಮಾಡಿ ಬರುವ ಕಾರಿನವನಿಗೆ ನೀವು ಕಾಣುವುದಿಲ್ಲ, ನಿಮಗೂ ಅವನು ಕಾಣುವುದಿಲ್ಲ. ಕಂಡಕ್ಟರ್ ವಿಸಿಲ್ ಹೊಡೆಯಲಿ. ಬಸ್ಸು ಹೋಗಲಿ. ರಸ್ತೆ ಎರಡೂ ಬದಿ ಕಂಡ ಮೇಲೆ ಹೊರಡಿ. ಅರ್ಧ ನಿಮಿಷ ಹೋದರೆ ಗಂಜಿ ಆರುವುದಿಲ್ಲ.

ಡಿವೈಡರ್ ಇರುವಲ್ಲಿ ಅರ್ಧ ದಾಟಿ ನಿಲ್ಲಿ. ಮತ್ತೆ ನೋಡಿ. ಒನ್ ವೇ ಎಂದು ನಂಬಬೇಡಿ, ಎರಡೂ ಕಡೆ ನೋಡಿ. ಆಟಿಯ ಮಳೆಯಲ್ಲಿ ಕೊಡೆಯನ್ನು ಗಾಳಿಗೆ ಅಡ್ಡ ಹಿಡಿಯುತ್ತೇವೆ, ಆಗ ಆ ಕಡೆಯಿಂದ ಬರುವ ಗಾಡಿ ಕಾಣುವುದಿಲ್ಲ. ದಾಟುವಾಗ ಕೊಡೆ ಸ್ವಲ್ಪ ಎತ್ತಿ. ಒದ್ದೆಯಾದರೆ ಒಣಗಬಹುದು. ಕತ್ತಲೆಗೆ ಕಪ್ಪು ಕೊಡೆ, ಗಾಢ ಬಣ್ಣದ ಸೀರೆ, ಬುರ್ಖಾ ಗಾಡಿಯವನ ಕಣ್ಣಿಗೆ ಬೇಗ ಬೀಳುವುದಿಲ್ಲ. ನಮ್ಮ ಅಜ್ಜಿಯರು ಸೂಟೆ ಉರಿಸಿಕೊಂಡು ಹೋಗುತ್ತಿದ್ದರು. ದಾರಿ ಕಾಣಲಿ ಎಂದು ಮಾತ್ರ ಅಲ್ಲ, ಬೇರೆಯವರಿಗೆ ತಾನು ಕಾಣಲಿ ಎಂದೂ. ಈಗ ಮೊಬೈಲಿನಲ್ಲಿ ಟಾರ್ಚ್ ಉಂಟು. ಹಾಕಿಕೊಳ್ಳಿ.

ಇಷ್ಟೆಲ್ಲ ನೋಡಿ ನಡೆದರೂ ಗಾಡಿ ಗುದ್ದಿದರೆ ಏನು ಮಾಡುವುದು? ಮೊದಲು 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಪೊಲೀಸರಿಗೆ 112. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಎಂಬ ನಂಬರೂ ಉಂಟು. ಈ ಮೂರು ನಂಬರನ್ನು ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟುಕೊಳ್ಳಿ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕೆಂಬ ಹೆದರಿಕೆ ಬೇಡ. ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಎಂದು 2019ರಿಂದ ಕಾನೂನಿನಲ್ಲೇ ಉಂಟು. ಹೆಸರು ಹೇಳಲೇಬೇಕೆಂದೂ ಇಲ್ಲ.

ಗುದ್ದಿದ ಗಾಡಿಯ ನಂಬರು ನೋಡಿ. ಇದು ನಿಮ್ಮ ಹೊಸ ವಿದ್ಯೆಯ ಕೆಲಸ. ನಮ್ಮ ಉಡುಪಿಯ ಗಾಡಿಗೆ ಕೆಎ 20, ಮಂಗಳೂರಿನದ್ದಕ್ಕೆ ಕೆಎ 19. ನಂಬರ್ ಪ್ಲೇಟಿನಲ್ಲಿ ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿ ಇರುತ್ತದೆ. ಅಂಕಿ ಹತ್ತೇ. ಬಸ್ಸಿನ ನಂಬರು ಓದಿ ಓದಿ ಒಂದು ವಾರದಲ್ಲಿ ಕಲಿಯಬಹುದು. ಕೊನೆಯ ನಾಲ್ಕು ಅಂಕಿ ನೆನಪಿದ್ದರೂ ಪೊಲೀಸರಿಗೆ ಹುಡುಕಲಿಕ್ಕೆ ದಾರಿ ಆಗುತ್ತದೆ. ಅಂಗೈಯಲ್ಲಾದರೂ ಬರೆದುಕೊಳ್ಳಿ.

ನಂಬರು ಯಾಕೆ ಬೇಕು? ಪ್ರತಿಯೊಂದು ಗಾಡಿಗೂ ಇನ್ಶೂರೆನ್ಸ್ ಕಡ್ಡಾಯ. ಅದು ಗಾಡಿಯವನಿಗಾಗಿ ಅಲ್ಲ, ಅವನು ಗುದ್ದಿದರೆ ಪೆಟ್ಟಾಗುವ ನಮಗಾಗಿ. ನಾವು ಒಂದು ಪೈಸೆ ಕಟ್ಟದಿದ್ದರೂ ಪರಿಹಾರ ಕೇಳುವ ಹಕ್ಕು ನಮಗೆ ಉಂಟು. ಅದಕ್ಕೆ ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ಚೀಟಿ, ಬಿಲ್ಲು, ನಿಮ್ಮ ಬೀಡಿ ಪುಸ್ತಕ ಅಥವಾ ಸಂಬಳದ ಚೀಟಿ ಎಲ್ಲ ಜೋಪಾನ ಮಾಡಬೇಕು. ತಡ ಮಾಡದೆ ಅರ್ಜಿ ಹಾಕಬೇಕು. "ಐದು ಸಾವಿರ ಕೊಡುತ್ತೇನೆ, ಕೇಸು ಬೇಡ ಅಕ್ಕಾ" ಎಂದು ಯಾರಾದರೂ ಬಂದರೆ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಹೆಬ್ಬೆಟ್ಟು ಒತ್ತುವ ಕಾಲ ಅಲ್ಲ ಇದು. ಓದಿ, ಅರ್ಥ ಮಾಡಿ, ಆಮೇಲೆ ಸಹಿ.

ಗುದ್ದಿ ಓಡಿಹೋದರೆ, ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ? ಆಗಲೂ ಪರಿಹಾರ ಉಂಟು. 2022ರ ಏಪ್ರಿಲ್ 1ರಿಂದ, ಜೀವ ಹೋದರೆ 2 ಲಕ್ಷ ರೂಪಾಯಿ, ದೊಡ್ಡ ಗಾಯವಾದರೆ 50,000. ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಇನ್ನೊಂದು ಯೋಜನೆ ತಂದಿತು. ಗಾಡಿಯಿಂದ ಅಪಘಾತವಾದವರಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ಹಣ ಕಟ್ಟದೆ ಚಿಕಿತ್ಸೆ. ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ಕರೆದು ಹೇಳುವುದಿಲ್ಲ.

"ನಾನು ಮನೆಯಲ್ಲಿ ಇರುವವಳು, ನನಗೆ ಎಂತ ಪರಿಹಾರ?" ಎನ್ನುವವರು ಉಂಟು. ಕೇಳಿ. 1989ರಲ್ಲಿ ಜಮ್ಶೆಡ್‌ಪುರದಲ್ಲಿ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಎಷ್ಟೋ ಹೆಂಗಸರು, ಮಕ್ಕಳು ಸತ್ತರು. ಆ ಮೊಕದ್ದಮೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಮನೆಯೊಡತಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಕಟ್ಟಿತು. 2021ರ ಜನವರಿಯಲ್ಲಿ ಒಂದು ರಸ್ತೆ ಅಪಘಾತದ ಮೊಕದ್ದಮೆಯಲ್ಲಿ ಅದೇ ಕೋರ್ಟು, ಮನೆಗೆಲಸಕ್ಕೆ ಬೆಲೆ ಇಲ್ಲ ಎನ್ನುವುದು ತಪ್ಪು ಎಂದು ಮತ್ತೆ ಹೇಳಿತು. ಅಡುಗೆ, ನೀರು, ದನ, ಮಕ್ಕಳು, ಮುದುಕರ ಆರೈಕೆ ಎಲ್ಲವೂ ದುಡಿಮೆ. ಮನೆಯಲ್ಲಿ ಯಾರೂ ಲೆಕ್ಕ ಇಡದಿದ್ದರೂ ಕೋರ್ಟಿನಲ್ಲಿ ಅದಕ್ಕೆ ಲೆಕ್ಕ ಉಂಟು.

ಪೆಟ್ಟಾಗುವ ಮೊದಲೇ ಮಾಡುವ ಕೆಲಸಕ್ಕೆ ಬರುವ. ಹಳ್ಳಿಯ ರಸ್ತೆ ಪಂಚಾಯತಿನದ್ದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದ್ದು. 66 ಮತ್ತು ಮಲ್ಪೆಯಿಂದ ಉಡುಪಿ, ಮಣಿಪಾಲದ ಮೂಲಕ ಘಟ್ಟಕ್ಕೆ ಹೋಗುವ 169ಎ ರಾಷ್ಟ್ರೀಯ ಹೆದ್ದಾರಿಗಳು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಉಂಟು. ನಮ್ಮ ಅರ್ಜಿ ಪಂಚಾಯತಿಗೂ ಹೋಗಲಿ, ಆ ಸಮಿತಿಗೂ ಹೋಗಲಿ. ಬಾಯಿಮಾತಿನಲ್ಲಿ ಹೇಳಿದರೆ "ಆಯ್ತು ನೋಡುವ" ಎನ್ನುತ್ತಾರೆ. ಬರೆದು ಕೊಟ್ಟರೆ ನಂಬರು ಹಾಕಿ ತೆಗೆದುಕೊಳ್ಳಬೇಕಾಗುತ್ತದೆ. ಸ್ವೀಕರಿಸಿದ ಚೀಟಿ ಕೇಳಿ ಪಡೆಯಿರಿ. ಒಂದು ತಿಂಗಳ ಮೇಲೆ ಆ ಚೀಟಿ ಹಿಡಿದು ಪುನಃ ಹೋಗಿ.

ಅರ್ಜಿ ಹೀಗಿರಲಿ. ನಾನು ಓದುತ್ತೇನೆ, ನೀವು ಬೋರ್ಡು ನೋಡಿ.

ಅಧ್ಯಕ್ಷರಿಗೆ, ............ ಗ್ರಾಮ ಪಂಚಾಯತು.

ಮಾನ್ಯರೇ,

ನಮ್ಮ ಊರಿನ ............ ಬಸ್ ನಿಲ್ದಾಣದ ಹತ್ತಿರ ದಿನಾಲೂ ಹೆಂಗಸರು, ಶಾಲಾ ಮಕ್ಕಳು, ವೃದ್ಧರು ರಸ್ತೆ ದಾಟುತ್ತೇವೆ. ಗಾಡಿಗಳು ವೇಗವಾಗಿ ಬರುತ್ತವೆ. ಎದುರು ದಿಕ್ಕಿನಲ್ಲೂ ಬರುತ್ತವೆ. ಇಲ್ಲಿ ಬಿಳಿ ಪಟ್ಟೆ ಬಳಿಯಬೇಕು. ವೇಗ ತಗ್ಗಿಸುವ ಬೋರ್ಡು ಮತ್ತು ದಾರಿದೀಪ ಹಾಕಬೇಕು. ಶಾಲೆ ಬಿಡುವ ಹೊತ್ತಿಗೆ ಒಬ್ಬ ಪೊಲೀಸರನ್ನು ನಿಲ್ಲಿಸಲು ಬರೆದುಕೊಳ್ಳಬೇಕು. ಕಾಲುದಾರಿಯ ಮೇಲೆ ಗಾಡಿ ನಿಲ್ಲಿಸುವುದನ್ನು ತಪ್ಪಿಸಬೇಕು. ಇದನ್ನು ಮುಂದಿನ ಗ್ರಾಮಸಭೆಯಲ್ಲಿ ಚರ್ಚೆಗೆ ಇಡಬೇಕಾಗಿ ಕೇಳುತ್ತೇವೆ.

ಇತಿ,
ಕಲಿಕಾ ಕೇಂದ್ರದ ಸಹೋದರಿಯರು

ಚುಕ್ಕಿ ಇರುವಲ್ಲಿ ಊರಿನ ಹೆಸರು, ನಿಲ್ದಾಣದ ಹೆಸರು ಬರೆಯಬೇಕು. ಕೆಳಗೆ ತಾರೀಕು. ಎರಡು ಪ್ರತಿ ಮಾಡುವ, ಒಂದು ನಮ್ಮಲ್ಲಿ ಇರಲಿ. ಅಕ್ಷರ ಚೆಂದ ಇರುವವರು ಒಬ್ಬರು ಬರೆಯಿರಿ, ಉಳಿದವರು ಸಾಲಾಗಿ ಬಂದು ಸಹಿ ಮಾಡಿ. ಹೆಸರಿನ ಎದುರು ಮನೆಯ ಹೆಸರೂ ಇರಲಿ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಪಂಚಾಯತು ಕಚೇರಿಗೆ ಕೊಡಲಿಕ್ಕೆ ಯಾರು ಯಾರು ಬರುತ್ತೀರಿ?